ಒಂದೇ ಒಲೆ, ಅದರ ಸುತ್ತ ಊರು: ಫ್ರಾಸ್ಟ್‌ಪಂಕ್‌ನ ಬಲವೆಲ್ಲಿ, ಕೊರತೆಯೆಲ್ಲಿ

ಪ್ರಶ್ನೆ: ನಗರ ಕಟ್ಟುವ ಗೇಮ್‌ಗಳನ್ನು ವರ್ಷಗಳಿಂದ ಆಡುತ್ತಿದ್ದೇನೆ. ಸ್ಟೀಮ್‌ಪಂಕ್ (ಉಗಿಯಂತ್ರಗಳ ಕಾಲದ ಕಲ್ಪನಾಲೋಕ) ಇಷ್ಟವೆಂದು ಫ್ರಾಸ್ಟ್‌ಪಂಕ್ ಕೊಂಡೆ. ನಾಲ್ಕು ಸಲ ಆಡಿದೆ, ನಾಲ್ಕು ಸಲವೂ ಎರಡನೇ ವಾರ ದಾಟುವುದರೊಳಗೆ ಊರು ಹಾಳಾಯಿತು. ಗೆಳೆಯರು ಇದನ್ನು ಬಿಟ್ಟು ಎರಡನೇ ಭಾಗ ಆಡು ಎನ್ನುತ್ತಾರೆ. ಈ ಆಟವನ್ನು ಇಷ್ಟೊಂದು ಹೊಗಳುವುದು ಯಾಕೆ? ಇದರ ನಿಜವಾದ ದೋಷಗಳೇನು? ಮುಂದುವರಿಸಲೇ, ಬಿಡಲೇ?

ಉತ್ತರ: ಬಿಡಬೇಡಿ. ಎರಡನೇ ಭಾಗಕ್ಕೂ ಈಗಲೇ ಹೋಗಬೇಡಿ. ಬೇರೆ ಆಟಗಳಲ್ಲಿ ನಿಮಗೆ ಕೈಹಿಡಿದ ಅಭ್ಯಾಸವೇ ಇಲ್ಲಿ ನಿಮ್ಮನ್ನು ಮುಳುಗಿಸುತ್ತಿದೆ. ಸಾಮಾನ್ಯವಾಗಿ ಇಂಥ ಆಟಗಳಲ್ಲಿ ರಸ್ತೆ ಎಳೆದು, ಮನೆ ಹಾಕಿ, ತೆರಿಗೆ ಬಂದ ಹಾಗೆ ಊರನ್ನು ಹಿಗ್ಗಿಸುತ್ತಾ ಹೋಗುತ್ತೇವೆ. ತಪ್ಪಾದರೆ ಸ್ವಲ್ಪ ದುಡ್ಡು ಹೋಗುತ್ತದೆ, ಮತ್ತೆ ಸರಿಮಾಡಬಹುದು. ಫ್ರಾಸ್ಟ್‌ಪಂಕ್‌ನಲ್ಲಿ ದುಡ್ಡೇ ಇಲ್ಲ. ಖರ್ಚಾಗುವುದು ಶಾಖ ಮತ್ತು ಹೊತ್ತು. ಈ ಎರಡರ ಲೆಕ್ಕ ಸಿಕ್ಕಿದ ದಿನ ಆಟ ಪೂರ್ತಿ ಬೇರೆಯಾಗಿ ಕಾಣುತ್ತದೆ.

ಹಿನ್ನೆಲೆ ಚುಟುಕಾಗಿ. ಪೋಲೆಂಡಿನ ವಾರ್ಸಾದ ‘11 ಬಿಟ್ ಸ್ಟುಡಿಯೋಸ್’ ಈ ಆಟವನ್ನು 2018ರ ಏಪ್ರಿಲ್ 24ರಂದು ಪಿಸಿಗೆ ತಂದಿತು, ಮರುವರ್ಷ ಕನ್ಸೋಲ್‌ಗಳಿಗೂ ಬಂತು. ಕಥೆ 1886ರದು, ಆದರೆ ನಮ್ಮ ಇತಿಹಾಸದ 1886 ಅಲ್ಲ. ಭೂಮಿ ಹಿಮಗಟ್ಟಿದೆ, ಲಂಡನ್ನಿನಿಂದ ಹೊರಟ ಒಂದು ತಂಡ ಉತ್ತರದ ಹಳ್ಳವೊಂದರಲ್ಲಿ ನಿಂತಿರುವ ದೈತ್ಯ ಕಲ್ಲಿದ್ದಲ ಜನರೇಟರ್ ಬಳಿ ತಲುಪಿದೆ. ಮುಖ್ಯ ಸನ್ನಿವೇಶವಾದ ‘ಎ ನ್ಯೂ ಹೋಮ್’ನಲ್ಲಿ ನಿಮ್ಮ ಕೈಗೆ ಸಿಗುವುದು 80 ಜನ: 50 ಕೆಲಸಗಾರರು, 15 ಎಂಜಿನಿಯರುಗಳು, 15 ಮಕ್ಕಳು. ಹೊರಗೆ ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ.

ಈ ಆಟದ ದೊಡ್ಡ ಬಲ ಆ ಜನರೇಟರ್. ಸ್ಟೀಮ್‌ಪಂಕ್ ಎಂದು ಹೆಸರು ಹೊತ್ತ ಎಷ್ಟೋ ಆಟಗಳಲ್ಲಿ ಹಿತ್ತಾಳೆ ಕೊಳವೆ, ಹಲ್ಲಿನ ಚಕ್ರಗಳೆಲ್ಲ ಬರೀ ಅಲಂಕಾರ. ತೆಗೆದು ಬೇರೇನೋ ಅಂಟಿಸಿದರೂ ಆಟ ಹಾಗೇ ನಡೆಯುತ್ತದೆ. ಇಲ್ಲಿ ಉಗಿಯನ್ನು ತೆಗೆದರೆ ಆಟವೇ ಉಳಿಯುವುದಿಲ್ಲ. ಊರು ಚೌಕವಾಗಿ ಬೆಳೆಯುವುದಿಲ್ಲ, ಒಲೆಯ ಸುತ್ತ ಬಳೆಬಳೆಯಾಗಿ ಬೆಳೆಯುತ್ತದೆ. ಒಳಬಳೆಯಲ್ಲಿ ಜಾಗ ಕಡಿಮೆ, ಬಿಸಿ ಹೆಚ್ಚು. ಹೊರಬಳೆಯಲ್ಲಿ ಜಾಗ ಧಾರಾಳ, ಬಿಸಿ ಇಲ್ಲ. ಹಾಗಾಗಿ ‘ಈ ಕಟ್ಟಡ ಎಲ್ಲಿ?’ ಎಂದು ಕೇಳಿದಾಗೆಲ್ಲ ‘ಬೆಂಕಿ ಯಾರ ಪಾಲಿಗೆ?’ ಎಂದೇ ಕೇಳಿದಂತೆ. ನಗರದ ನಕ್ಷೆ ಮತ್ತು ನಗರದ ನ್ಯಾಯ ಇಷ್ಟು ಬಿಗಿಯಾಗಿ ಬೆಸೆದುಕೊಂಡ ಆಟಗಳು ವಿರಳ. ಹಿಮದಲ್ಲಿ ಮೊಣಕಾಲುದ್ದ ಹುಗಿದು ಜನ ನಡೆದ ದಾರಿ ಹಾಗೇ ಉಳಿಯುವುದು, ಜನರೇಟರ್ ಹೊತ್ತಿದಾಗ ಸುತ್ತಲಿನ ಮಂಜು ಕರಗುವುದು, ಕಡೆಯ ಬಿರುಗಾಳಿಯಲ್ಲಿ ಸಂಗೀತ ಏರುವ ರೀತಿ, ಇವೆಲ್ಲ ಆ ಒಂದೇ ವಿಚಾರಕ್ಕೆ ದುಡಿಯುತ್ತವೆ.

ಈಗ ನಿಮ್ಮ ಊರು ಸಾಯುವುದು ಯಾಕೆ ಎಂಬುದು. ಸರಪಳಿ ಹೀಗಿರುತ್ತದೆ: ಕಲ್ಲಿದ್ದಲು ಮುಗಿಯುತ್ತದೆ, ಡೇರೆಗಳು ತಣ್ಣಗಾಗುತ್ತವೆ, ಜನ ಕಾಯಿಲೆ ಬೀಳುತ್ತಾರೆ, ಕಲ್ಲಿದ್ದಲು ತರಲು ಕೈಗಳು ಕಡಿಮೆಯಾಗುತ್ತವೆ, ಇನ್ನಷ್ಟು ಚಳಿ. ಒಮ್ಮೆ ಈ ಸುಳಿಗೆ ಸಿಕ್ಕರೆ ಎರಡು ಮೂರು ದಿನದೊಳಗೆ ಕಥೆ ಮುಗಿಯಿತು. ಸೋಲು ಕಣ್ಣಿಗೆ ಬೀಳುವುದು ಎರಡನೇ ವಾರದಲ್ಲಾದರೂ ಅದರ ಬೇರು ಸಾಮಾನ್ಯವಾಗಿ ಮೊದಲ ಮೂರು ನಾಲ್ಕು ದಿನಗಳಲ್ಲಿರುತ್ತದೆ.

ಮೊದಲ ದಿನ ಜನರೇಟರ್ ಹೊತ್ತಿಸುವ ಆತುರ ಬೇಡ. ಆರಂಭದ ಹಂತದಲ್ಲಿ ಅದು ಗಂಟೆಗೆ 6 ಕಲ್ಲಿದ್ದಲು ತಿನ್ನುತ್ತದೆ, ಅಂದರೆ ದಿನಕ್ಕೆ 144. ಹಗಲು ಹೊತ್ತು ನಿಮ್ಮ ಜನ ದೂರದ ರಾಶಿಗಳಲ್ಲಿ ಸೌದೆ, ಉಕ್ಕು, ಕಲ್ಲಿದ್ದಲು ಆರಿಸುತ್ತಿರುತ್ತಾರೆ, ಒಲೆಯ ಬಿಸಿ ಅವರನ್ನು ಮುಟ್ಟುವುದೇ ಇಲ್ಲ. ಕೆಲಸದ ಹೊತ್ತು ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ. ಸಂಜೆ 6ಕ್ಕೆ ಹೊತ್ತಿಸಿ ಬೆಳಿಗ್ಗೆ 8ಕ್ಕೆ ನಂದಿಸಿದರೆ 84ರಲ್ಲಿ ಮುಗಿಯುತ್ತದೆ, ದಿನಕ್ಕೆ 60 ಉಳಿತಾಯ. ತಾಪಮಾನ ಮೊದಲ ಸಲ ಕುಸಿಯುವವರೆಗೆ ಈ ಉಪಾಯ ನಡೆಯುತ್ತದೆ. ಆಮೇಲೆ ಹಗಲೂ ಉರಿಸಲೇಬೇಕು, ಯಾಕೆಂದರೆ ಆಸ್ಪತ್ರೆಯೂ ವರ್ಕ್‌ಶಾಪೂ ಹಗಲು ನಡೆಯಬೇಕು.

ರಾಶಿಗಳಿಗೆ ನೇರವಾಗಿ ಜನರನ್ನು ಹಚ್ಚಬಹುದು, ಒಂದೊಂದಕ್ಕೆ 15 ಜನದವರೆಗೆ. ಮೊದಲೆರಡು ದಿನ ಹಾಗೇ ಮಾಡಿ. ಆಮೇಲೆ ಎರಡು ಮೂರು ರಾಶಿಗಳ ನಡುವೆ ಗ್ಯಾದರಿಂಗ್ ಪೋಸ್ಟ್ ಕಟ್ಟಿ. ಅದರಲ್ಲಿ 10 ಜನ ಸಾಕು, ಮೇಲೆ ಸೂರು ಇರುವುದರಿಂದ ಚಳಿಯೂ ಕಡಿಮೆ, ಪಕ್ಕದಲ್ಲಿ ಸ್ಟೀಮ್ ಹಬ್ (ಒಲೆಯಿಂದ ದೂರದ ಜಾಗಕ್ಕೆ ಬಿಸಿ ಕೊಡುವ ಚಿಕ್ಕ ಕೇಂದ್ರ) ಇಟ್ಟರೆ ಬೆಚ್ಚಗೂ ಇರುತ್ತದೆ. ಬಯಲಿನಲ್ಲಿ ನಿಂತು ಆರಿಸುವವರೇ ಮೊದಲು ಕಾಯಿಲೆ ಬೀಳುವವರು ಎಂಬುದು ನೆನಪಿರಲಿ.

ಇನ್ನೊಂದು ಮಾತನ್ನು ಆಟ ಒತ್ತಿ ಹೇಳುವುದಿಲ್ಲ: ಕೆಲವು ಮೂಲಗಳು ಮುಗಿಯುತ್ತವೆ, ಕೆಲವು ಮುಗಿಯುವುದಿಲ್ಲ. ನೆಲದ ಮೇಲಿನ ರಾಶಿಗಳು ಖಾಲಿಯಾಗುತ್ತವೆ. ಸಾಮಿಲ್ ಕಡಿಯುವ ಹೆಪ್ಪುಗಟ್ಟಿದ ಮರಗಳೂ ಖಾಲಿಯಾಗುತ್ತವೆ. ಕಲ್ಲಿದ್ದಲ ಗಣಿ, ಉಕ್ಕಿನ ಸ್ಟೀಲ್‌ವರ್ಕ್ಸ್, ಹಳ್ಳದ ಗೋಡೆಯೊಳಗಿನ ಮರಗಳನ್ನು ತೆಗೆಯುವ ವಾಲ್ ಡ್ರಿಲ್ ಇವು ಖಾಲಿಯಾಗುವುದಿಲ್ಲ. ರಾಶಿ ಮುಗಿಯುವ ದಿನದೊಳಗೆ ಗಣಿಯೋ ನೆಲದಡಿಯ ಕಲ್ಲಿದ್ದಲನ್ನು ಮೇಲೆಬ್ಬಿಸುವ ಕೋಲ್ ಥಂಪರೋ ಓಡುತ್ತಿರಬೇಕು. ಎರಡನೇ ವಾರದಲ್ಲಿ ಸೋಲುವ ಬಹಳಷ್ಟು ಊರುಗಳಲ್ಲಿ ಕಾಣುವುದು ಇದೇ: ಹಳೆಯ ಆದಾಯ ನಿಂತಿತು, ಹೊಸದು ಇನ್ನೂ ಸಂಶೋಧನೆಯಲ್ಲಿತ್ತು. ಆದ್ದರಿಂದ ಮೊದಲ ದಿನವೇ ವರ್ಕ್‌ಶಾಪ್ ಕಟ್ಟಿ 5 ಎಂಜಿನಿಯರುಗಳನ್ನು ಕೂರಿಸಿ. ಮೊದಲ ಸಂಶೋಧನೆಗಳಲ್ಲಿ ಬೀಕನ್ ಇರಲಿ, ಊರಾಚೆ ಹುಡುಕಾಡುವ ಸ್ಕೌಟ್ ತಂಡಗಳನ್ನು ಕಳಿಸಲು ಅದು ಬೇಕು. ಸ್ಕೌಟ್‌ಗಳು ಹೊರಗೆ ಹೋದರೆ ಮಾತ್ರ ಬದುಕುಳಿದ ಜನ, ಆಹಾರ, ಸ್ಟೀಮ್ ಕೋರ್ (ದೊಡ್ಡ ಯಂತ್ರಗಳಿಗೆ ಬೇಕಾದ ಅಪರೂಪದ ಬಿಡಿಭಾಗ) ಬರುತ್ತವೆ. ಎರಡನೇ ವರ್ಕ್‌ಶಾಪ್ ಸಂಶೋಧನೆಯ ವೇಗ ಹೆಚ್ಚಿಸುತ್ತದೆ, ಆದರೆ ಪೂರ್ತಿ ಇಮ್ಮಡಿ ಮಾಡುವುದಿಲ್ಲ. ಮೂರನೆಯದು ಇನ್ನೂ ಕಡಿಮೆ.

ಆಹಾರದ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು. ಒಬ್ಬರಿಗೆ ದಿನಕ್ಕೆ ಒಂದು ಊಟ. ಅಡುಗೆಮನೆಯಲ್ಲಿ 10 ಹಸಿ ಆಹಾರಕ್ಕೆ 20 ಊಟ ಬರುತ್ತದೆ. 80 ಜನಕ್ಕೆ 40 ಹಸಿ ಆಹಾರ ಬೇಕು. ಬೇಟೆಗಾರರ ಒಂದು ಗುಡಿಸಿಲಿಗೆ 15 ಜನ ಹಚ್ಚಿದರೆ ದಿನಕ್ಕೆ 15 ಸಿಗುತ್ತದೆ, ಅಂದರೆ ಮೂರು ಗುಡಿಸಿಲು, 45 ಜನ. ದುಡಿಯುವ 65 ಜನರಲ್ಲಿ 45 ಜನ ಬೇಟೆಗೇ ಹೋದರೆ ಊರು ಕಟ್ಟುವವರು ಯಾರು? ಊರಿನ ನಾಯಕರಾಗಿ ನೀವು ಕಾನೂನುಗಳಿಗೆ ಸಹಿ ಹಾಕಬಹುದು, ಇಲ್ಲಿಯೇ ಸೂಪ್ ಕಾನೂನು ಕೆಲಸಕ್ಕೆ ಬರುವುದು. ಸಹಿ ಹಾಕಿದರೆ ಅದೇ 10ಕ್ಕೆ 25 ಊಟ. ಎರಡು ಗುಡಿಸಿಲಿನ 30 ಹಸಿ ಆಹಾರದಿಂದ 75 ಊಟ ಬರುತ್ತದೆ. ಉಳಿದ ಚೂರುಪಾರನ್ನು ಸ್ಕೌಟ್‌ಗಳು ತಂದದ್ದು ತುಂಬುತ್ತದೆ, 15 ಜನ ಬಿಡುವಾಗುತ್ತಾರೆ. ನೀರು ಸಾರು ಕುಡಿಸಿದ್ದಕ್ಕೆ ಜನ ಗೊಣಗುತ್ತಾರೆ, ಅದೇ ನೀವು ತೆರುವ ಬೆಲೆ. ಇದಕ್ಕೆ ಬದಲಾಗಿ ಊಟಕ್ಕೆ ಮರದ ಪುಡಿ ಬೆರೆಸುವ ಕಾನೂನೂ ಇದೆ. ಅದರಲ್ಲಿ ಊಟ ಇನ್ನೂ ಹೆಚ್ಚು, ಆದರೆ ಜನ ಕಾಯಿಲೆ ಬೀಳುತ್ತಾರೆ. ಕಾಯಿಲೆಯೇ ಸುಳಿಯ ಬಾಯಿ ಆದ್ದರಿಂದ ಹೊಸಬರು ಅತ್ತ ಹೋಗದಿರುವುದೇ ಕ್ಷೇಮ. ಬೇಟೆಗಾರರು ರಾತ್ರಿ ಹೊರಗೆ ದುಡಿಯುವವರು, ಅವರ ಗುಡಿಸಿಲಿಗೆ ಬಿಸಿ ಬೇಕಿಲ್ಲ. ಉಗ್ರಾಣಕ್ಕೂ ಬೇಡ. ಈ ಎರಡನ್ನೂ ಹೊರಗಿನ ಬಳೆಗೆ ತಳ್ಳಿ, ಒಳಬಳೆಯನ್ನು ವೈದ್ಯಕೀಯ ಕೇಂದ್ರಕ್ಕೂ ಡೇರೆಗಳಿಗೂ ಬಿಡಿ. ವೈದ್ಯಕೀಯ ಕೇಂದ್ರ ತುಂಬಾ ತಣ್ಣಗಾದರೆ ಬಾಗಿಲು ಹಾಕುತ್ತದೆ. ಕಾಯಿಲೆ ಹೆಚ್ಚಾದ ದಿನವೇ ಅದು ಮುಚ್ಚಿದರೆ ಆಮೇಲೆ ಏನು ಮಾಡಿದರೂ ತಡವಾಗಿರುತ್ತದೆ. ಕಟ್ಟಿದ್ದನ್ನು ಎತ್ತಿ ಬೇರೆಡೆ ಇಡುವ ಸೌಲಭ್ಯ ಇಲ್ಲ, ಕೆಡವಿ ಹೊಸದಾಗಿಯೇ ಕಟ್ಟಬೇಕು, ಹಾಗಾಗಿ ಮೊದಲೇ ಯೋಚಿಸಿ.

ಕಾನೂನುಗಳಲ್ಲಿ ಮೊದಲು ತುರ್ತು ಪಾಳಿ, ಅದರ ಹಿಂದೆಯೇ ದೀರ್ಘ ಪಾಳಿ. ತುರ್ತು ಪಾಳಿ ಎಂದರೆ 24 ಗಂಟೆ ನಿಲ್ಲದ ಕೆಲಸ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹೇರಿದರೆ ಜನ ಸಾಯುತ್ತಾರೆ. ಮೊದಲ ರಾತ್ರಿ ವರ್ಕ್‌ಶಾಪಿಗೆ ಒಮ್ಮೆ ಬಳಸಿದರೆ ಸಾಕು. ದೀರ್ಘ ಪಾಳಿ 10 ಗಂಟೆಯ ಕೆಲಸವನ್ನು 14 ಗಂಟೆ ಮಾಡುತ್ತದೆ, ನೂರಕ್ಕೆ 40ರಷ್ಟು ಹೆಚ್ಚುವರಿ ದುಡಿಮೆ. ಇದನ್ನು ಊರಿಗೆಲ್ಲ ಹಾಕಬೇಡಿ, ಕಲ್ಲಿದ್ದಲಿಗೂ ಸಂಶೋಧನೆಗೂ ಮಾತ್ರ. ತೆರೆಯ ಮೇಲ್ಭಾಗದಲ್ಲಿ ಹವಾಮಾನದ ಮುನ್ಸೂಚನೆ ಇರುತ್ತದೆ. ಅಲ್ಲಿ ಕುಸಿತದ ಗುರುತು ಕಂಡ ದಿನದಿಂದಲೇ ಕಲ್ಲಿದ್ದಲು ಕೂಡಿಡಲು ಶುರುಮಾಡಿ, ಕುಸಿದ ದಿನ ಅಲ್ಲ. ಜನರೇಟರ್‌ನ ಓವರ್‌ಡ್ರೈವ್ ಒಂದು ಹಂತ ಬಿಸಿ ಹೆಚ್ಚಿಸುತ್ತದೆ, ಜೊತೆಗೆ ಯಂತ್ರದ ಒತ್ತಡವೂ ಏರುತ್ತದೆ. ನೂರಕ್ಕೆ ನೂರು ಮುಟ್ಟಿದರೆ ಸ್ಫೋಟ, ಆಟ ಮುಗಿಯಿತು. ರಾತ್ರಿ ಹಾಕಿ ಬೆಳಿಗ್ಗೆ ತೆಗೆದರೆ ಒತ್ತಡ ತಾನಾಗಿ ಇಳಿಯುತ್ತದೆ.

ಸ್ಟೀಮ್ ಕೋರ್ ಬಗ್ಗೆ ಜಿಪುಣರಾಗಿರಿ. ಊರಿನಲ್ಲಿ ಅದನ್ನು ತಯಾರಿಸಲು ಆಗದು. ಗಣಿ, ಆಹಾರ ಬೆಳೆಯುವ ಹಾಟ್‌ಹೌಸ್, ದೊಡ್ಡ ಆಸ್ಪತ್ರೆ, ಆಟೋಮೇಟನ್ (ತಾನಾಗಿ ದುಡಿಯುವ ಉಗಿಯಂತ್ರ) ಎಲ್ಲಕ್ಕೂ ಅದೇ ಬೇಕು. ಮೊದಲು ಕಲ್ಲಿದ್ದಲ ಗಣಿಗೆ, ಉಳಿದಿದ್ದು ಆಮೇಲೆ. ಕಟ್ಟಡ ಕೆಡವಿದರೆ ಕೋರ್ ವಾಪಸ್ ಸಿಗುತ್ತದೆ, ಆದ್ದರಿಂದ ತಪ್ಪು ಜಾಗದಲ್ಲಿ ಹಾಕಿದ್ದನ್ನು ಸಾಯುವವರೆಗೆ ಸಹಿಸಿಕೊಳ್ಳಬೇಕಿಲ್ಲ. ಹೊರಗೆ ಟೆಸ್ಲಾ ಸಿಟಿ ಎಂಬ ತಾಣ ಇದೆ. ಅಲ್ಲಿಗೆ ಸ್ಕೌಟ್‌ಗಳನ್ನು ನುಗ್ಗಿಸಿದರೆ ಇಡೀ ತಂಡ ಕಳೆದುಕೊಳ್ಳಬಹುದು, ದಾಟಿದರೆ ಔಟ್‌ಪೋಸ್ಟ್ (ಹೊರಠಾಣೆ) ಹಾಕಿ ಕೋರ್‌ಗಳನ್ನು ತರಿಸುತ್ತಲೇ ಇರಬಹುದು. ಹೋಗುವ ಮುಂಚೆ ಸೇವ್ ಮಾಡಿಕೊಳ್ಳಿ.

ಇಷ್ಟು ಮಾಡಿದರೆ ನಿಮ್ಮ ಊರು ಎರಡನೇ ವಾರ ದಾಟುತ್ತದೆ. ಕೊನೆಯ ಬಿರುಗಾಳಿಯಲ್ಲಿ ತಾಪಮಾನ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಶೂನ್ಯಕ್ಕಿಂತ 150 ಡಿಗ್ರಿ ಕೆಳಕ್ಕೆ ಹೋಗುತ್ತದೆ. ಆಗ ಬೇಟೆ ನಿಲ್ಲುತ್ತದೆ, ಹೊರಗಿನಿಂದ ಏನೂ ಬರುವುದಿಲ್ಲ, ಕೂಡಿಟ್ಟದ್ದನ್ನೇ ಉಣ್ಣಬೇಕು. 500 ಜನರ ಊರಾದರೆ ಒಂದು ವಾರಕ್ಕೆ 3,500 ಊಟ ಎಂದು ಲೆಕ್ಕ ಹಾಕಿ ಮೊದಲೇ ಉಗ್ರಾಣ ಕಟ್ಟಿಕೊಳ್ಳಿ.

ಇನ್ನು ದೋಷಗಳು. ಎಲ್ಲಕ್ಕಿಂತ ದೊಡ್ಡದು, ಈ ಆಟಕ್ಕೆ ಒಂದು ಬರೆದಿಟ್ಟ ನಾಟಕದ ಪ್ರತಿ ಇದೆ. ಚಳಿ ಯಾವಾಗ ಬೀಳುತ್ತದೆ, ಸ್ಕೌಟ್‌ಗಳಿಗೆ ಯಾವ ತಾಣ ಸಿಗುತ್ತದೆ, ವಿಂಟರ್‌ಹೋಮ್ ಎಂಬ ಇನ್ನೊಂದು ಊರು ಸತ್ತ ಸುದ್ದಿ ಹೇಗೆ ಬರುತ್ತದೆ, ‘ಲಂಡನ್ನಿಗೆ ವಾಪಸ್ ಹೋಗೋಣ’ ಎನ್ನುವ ಗುಂಪು ಹೇಗೆ ಹುಟ್ಟುತ್ತದೆ, ಎಲ್ಲವೂ ಹೆಚ್ಚುಕಡಿಮೆ ಪ್ರತಿಸಲ ಒಂದೇ ತರಹ. ಮೊದಲ ಸಲ ಎದೆ ನಡುಗಿಸಿದ್ದು ಎರಡನೇ ಸಲ ವೇಳಾಪಟ್ಟಿಯಾಗಿಬಿಡುತ್ತದೆ. ನೂರಾರು ಗಂಟೆ ಒಂದೇ ಊರನ್ನು ಬೆಳೆಸುವ ನಿಮ್ಮಂಥವರಿಗೆ ಇದು ನಿರಾಸೆ ತರುವ ಸಂಗತಿ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 2018ರ ನವೆಂಬರಿನಲ್ಲಿ ಉಚಿತವಾಗಿ ಬಂದ, ಕೊನೆಯಿಲ್ಲದೆ ಆಡಬಹುದಾದ ಎಂಡ್‌ಲೆಸ್ ಮೋಡ್ ಇದನ್ನು ಸ್ವಲ್ಪ ಸರಿಪಡಿಸಿತು. ಆದರೆ ಅಲ್ಲಿ ಬಿರುಗಾಳಿ ಬಂದುಹೋಗುವ ತಾಳ ಬಿಟ್ಟರೆ ಊರಿಗೆ ಹೊಸ ಗುರಿ ಹುಟ್ಟುವುದಿಲ್ಲ.

ಎರಡನೆಯದು ನೀತಿಯ ವಿಚಾರ, ಇದು ಇನ್ನೂ ಸೂಕ್ಷ್ಮ. ಭರವಸೆ ಮತ್ತು ಅಸಮಾಧಾನ ಎಂಬ ಎರಡು ಪಟ್ಟಿಗಳಲ್ಲಿ ಆಟ ಜನರ ಮನಸ್ಸನ್ನು ಅಳೆಯುತ್ತದೆ. ಮಕ್ಕಳನ್ನು ದುಡಿಸಬೇಕೇ, ಬದುಕಲಾರದ ರೋಗಿಯ ಕೈಕಾಲು ಕತ್ತರಿಸಬೇಕೇ, ಹೆಣಗಳನ್ನು ಹೂಳಬೇಕೇ ಅಥವಾ ಹಿಮದ ಗುಂಡಿಗೆ ಹಾಕಬೇಕೇ, ಹೀಗೆ ಕೇಳುತ್ತದೆ. ಒಮ್ಮೆ ಸಹಿ ಹಾಕಿದ ಕಾನೂನನ್ನು ಹಿಂತೆಗೆಯಲಾಗದು ಎಂಬ ನಿಯಮ ಈ ಪ್ರಶ್ನೆಗಳಿಗೆ ತೂಕ ಕೊಡುತ್ತದೆ. ಕೈಯಲ್ಲಿ ಕಲ್ಲಿದ್ದಲು ಕಡಿಮೆ ಇದ್ದಾಗ ಇವು ನಿಜವಾಗಿಯೂ ಕಷ್ಟದ ನಿರ್ಧಾರಗಳು. ಆದರೆ ಆಟ ಚೆನ್ನಾಗಿ ಬಂದವರಿಗೆ ಕಠೋರ ಕಾನೂನು ಬೇಕಾಗುವುದೇ ಇಲ್ಲ. ಮಕ್ಕಳಿಗೆ ಆಶ್ರಯ, ರೋಗಿಗೆ ಆರೈಕೆ, ಸತ್ತವರಿಗೆ ಸ್ಮಶಾನ ಎಂದು ಎಲ್ಲ ಸಭ್ಯ ಆಯ್ಕೆಗಳಲ್ಲೇ ಗೆಲ್ಲಬಹುದು. ಅಂದರೆ ಒಳ್ಳೆಯತನ ಇಲ್ಲಿ ತ್ಯಾಗವಾಗಿ ಉಳಿಯದೆ ಜಾಣತನದ ಫಲವಾಗುತ್ತದೆ, ಆಟ ಕೇಳಲು ಹೊರಟ ಪ್ರಶ್ನೆ ಅಲ್ಲಿಗೆ ಸಡಿಲವಾಗುತ್ತದೆ. ವಿಂಟರ್‌ಹೋಮ್ ನಂತರ ತೆರೆದುಕೊಳ್ಳುವ ‘ಆರ್ಡರ್’ ಅಥವಾ ‘ಫೇತ್’ ದಾರಿಯಲ್ಲೂ ಇದೇ ಆಗುತ್ತದೆ. ಕಾವಲು ಠಾಣೆಯೋ ಪ್ರಾರ್ಥನಾ ಮಂದಿರವೋ ನಾಲ್ಕಾರು ಕಟ್ಟಿದರೆ ಭರವಸೆ ತುಂಬಿ ನಿಲ್ಲುತ್ತದೆ, ಆ ದಾರಿಯ ಕೊನೆಯ ಮೆಟ್ಟಿಲುಗಳು ಅಗತ್ಯಕ್ಕಿಂತ ಹೆಚ್ಚಾಗಿ ಪ್ರಲೋಭನೆಯಾಗಿ ಉಳಿಯುತ್ತವೆ. ಕೊನೆಯಲ್ಲಿ ನೀವು ಗೆರೆ ದಾಟಿದಿರೋ ಇಲ್ಲವೋ ಎಂದು ಆಟ ತೀರ್ಪು ಕೊಡುತ್ತದೆ. ಆ ತೀರ್ಪು ನೋಡುವುದು ಯಾವ ಕಾನೂನಿಗೆ ಸಹಿ ಬಿತ್ತು ಎಂಬುದನ್ನು. ಅದನ್ನು ನೀವು ಎಷ್ಟು ಬಳಸಿದಿರಿ, ಯಾರು ಬದುಕಿದರು ಎಂಬ ತೂಕ ಅದರಲ್ಲಿ ಕಾಣುವುದಿಲ್ಲ. ಇಷ್ಟು ಚೆನ್ನಾಗಿ ಕಟ್ಟಿದ ಆಟ ಇಲ್ಲಿ ಇನ್ನಷ್ಟು ನ್ಯಾಯವಾಗಿ ನಡೆದುಕೊಳ್ಳಬೇಕಿತ್ತು.

ಆಟೋಮೇಟನ್‌ಗಳು ನೋಡಲು ಅದ್ಭುತ, ಉಗಿಯಿಂದ ನಡೆಯುವ ಉದ್ದ ಕಾಲಿನ ಯಂತ್ರಗಳು. ಲೆಕ್ಕದಲ್ಲಿ ಮಾತ್ರ ಅವು ಆಟದ ಬಿಗುವನ್ನು ಮುರಿಯುತ್ತವೆ. ಅವುಗಳ ದಕ್ಷತೆ ಆರಂಭದಲ್ಲಿ ನೂರಕ್ಕೆ 60 ಮಾತ್ರ, ಆದರೆ 24 ಗಂಟೆ ದುಡಿಯುತ್ತವೆ. 24 ಗಂಟೆಯ ಶೇ. 60 ಎಂದರೆ 14.4 ಗಂಟೆ, ಮನುಷ್ಯರ ಪಾಳಿ 10 ಗಂಟೆ. ಅವುಗಳಿಗೆ ಊಟ ಬೇಡ, ಕಾಯಿಲೆ ಇಲ್ಲ. ನಾಲ್ಕೈದು ಆಟೋಮೇಟನ್ ಗಣಿಗಿಳಿದರೆ ಜನ ಸುಮ್ಮನೆ ಕೂರುತ್ತಾರೆ. ಕೆಲಸ ಕಳೆದುಕೊಂಡ ಆ ಜನರ ಬಗ್ಗೆ ಆಟಕ್ಕೆ ಹೇಳಲು ಹೆಚ್ಚೇನೂ ಇಲ್ಲ. ಯಂತ್ರ ಬಂದಾಗ ಕೂಲಿಯವನ ಗತಿಯೇನು ಎಂಬುದು 19ನೇ ಶತಮಾನದ ಇಂಗ್ಲೆಂಡಿನ ಬಹುದೊಡ್ಡ ಪ್ರಶ್ನೆ. ಸ್ಟೀಮ್‌ಪಂಕ್ ಅದನ್ನೇ ಬಿಟ್ಟರೆ ಹೇಗೆ?

ಸಣ್ಣ ತೊಂದರೆಗಳೂ ಇವೆ: ವೃತ್ತಾಕಾರದ ನಕ್ಷೆಯಲ್ಲಿ ಕಟ್ಟಡಗಳ ನಡುವೆ ಬಳಸಲಾಗದ ಸಂದುಗಳು ಉಳಿಯುತ್ತವೆ, ಕಾಯಿಲೆಯ ಅಪಾಯವನ್ನು ಆಟ ಮಾತಿನಲ್ಲಿ ಹೇಳುತ್ತದೆಯೇ ಹೊರತು ಅಂಕಿಯಲ್ಲಿ ಹೇಳುವುದಿಲ್ಲ, ಆಟಗಾರರೇ ತಯಾರಿಸುವ ಬದಲಾವಣೆಗಳಾದ ಮಾಡ್‌ಗಳಿಗೆ ಅಧಿಕೃತ ಬೆಂಬಲವಿಲ್ಲ. ಕನ್ನಡ ಪಠ್ಯ ಇಲ್ಲ, ಇಂಗ್ಲಿಷಿನಲ್ಲಿ ಘಟನೆಗಳನ್ನು ಓದಲೇಬೇಕು. ಓದದೆ ಒತ್ತಿದರೆ ಈಡೇರಿಸಲಾಗದ ವಾಗ್ದಾನ ಕೊಟ್ಟಿರುತ್ತೀರಿ.

ಮುಖ್ಯ ಸನ್ನಿವೇಶ ಮುಗಿದ ಮೇಲೆ ಏನು? ಆಟದ ಜೊತೆಗೇ ಬರುವ ‘ದಿ ಆರ್ಕ್ಸ್’ನಲ್ಲಿ ಬೀಜಗಳ ಭಂಡಾರವನ್ನು ಬೆಚ್ಚಗಿಡಬೇಕು, ಕೆಲವೇ ಎಂಜಿನಿಯರುಗಳು, ಉಳಿದದ್ದೆಲ್ಲ ಆಟೋಮೇಟನ್. ‘ದಿ ರೆಫ್ಯೂಜೀಸ್’ ಸಾಧಾರಣ. ಉಚಿತ ಅಪ್‌ಡೇಟಿನಲ್ಲಿ ಬಂದ ‘ದಿ ಫಾಲ್ ಆಫ್ ವಿಂಟರ್‌ಹೋಮ್’ ಕಷ್ಟದ್ದು, ಬೇರೆಯವರು ಹಾಳುಗೆಡವಿದ ಊರನ್ನು ವಹಿಸಿಕೊಳ್ಳಬೇಕು. ದುಡ್ಡು ಕೊಟ್ಟು ಒಂದೇ ಒಂದು ಡಿಎಲ್‌ಸಿ (ಆಟದ ಹೆಚ್ಚುವರಿ ಭಾಗ) ಕೊಳ್ಳುವುದಾದರೆ 2020ರ ಜನವರಿಯಲ್ಲಿ ಬಂದ ‘ದಿ ಲಾಸ್ಟ್ ಆಟಮ್’ (The Last Autumn) ಕೊಳ್ಳಿ. ಹಿಮ ಬೀಳುವ ಮೊದಲು ಜನರೇಟರ್ ಕಟ್ಟುವ ಕಥೆ ಅದು. ಅಲ್ಲಿ ಶತ್ರು ಚಳಿ ಅಲ್ಲ. ಗಡುವು, ವಿಷಾನಿಲ, ಕಾರ್ಮಿಕರ ಮುಷ್ಕರ. ಮೂಲ ಆಟ ಬಿಟ್ಟುಬಿಟ್ಟ ಕೂಲಿಯ ಪ್ರಶ್ನೆಯನ್ನು ಕೈಗೆತ್ತಿಕೊಂಡಿರುವುದು ಇದೇ. ‘ಆನ್ ದಿ ಎಡ್ಜ್’ನಲ್ಲಿ ಜನರೇಟರೇ ಇಲ್ಲ, ಆ ಒಲೆಯ ಗುರುತ್ವ ಇಲ್ಲದೆ ಆಟ ತೆಳುವಾಗಿದೆ.

ಗೆಳೆಯರು ಹೇಳಿದ ಎರಡನೇ ಭಾಗ 2024ರ ಸೆಪ್ಟೆಂಬರಿನಲ್ಲಿ ಬಂತು. ಕಥೆ 30 ವರ್ಷ ಮುಂದೆ ಹೋಗಿದೆ. ಅಲ್ಲಿ ಬಿಡಿ ಕಟ್ಟಡಗಳ ಬದಲು ಇಡೀ ಬಡಾವಣೆಗಳನ್ನು ಹಾಸುತ್ತೀರಿ, ದಿನಗಳ ಬದಲು ವಾರಗಳು ಓಡುತ್ತವೆ, ಹೀಟ್‌ಸ್ಟ್ಯಾಂಪ್ ಎಂಬ ನಾಣ್ಯ ಬಂದಿದೆ. ಕಾನೂನಿಗೆ ನಿಮ್ಮ ಸಹಿ ಸಾಲದು, 100 ಸದಸ್ಯರ ಸಭೆಯಲ್ಲಿ ಬಹುಮತ ಬೇಕು. ಒಂದು ಬಣದ ಮತ ಪಡೆಯಲು ಇನ್ನೊಂದು ಬಣ ದ್ವೇಷಿಸುವ ಕಾನೂನು ತರುವುದಾಗಿ ಮಾತು ಕೊಡಬೇಕಾಗುತ್ತದೆ. ನೀತಿಯ ಪ್ರಶ್ನೆಗೆ ಇದು ಮೊದಲ ಭಾಗಕ್ಕಿಂತ ಪ್ರಾಮಾಣಿಕ ಉತ್ತರ, ಏಕೆಂದರೆ ಇಲ್ಲಿ ಜಾಣತನವೊಂದರಿಂದ ಎಲ್ಲರನ್ನೂ ಮೆಚ್ಚಿಸಲಾಗದು. ಕಳೆದುಕೊಂಡದ್ದು ಹತ್ತಿರದ ನೋಟ. ಡೇರೆಯಲ್ಲಿ ನಡುಗುವ 10 ಜನ ಅಲ್ಲಿ ಕಾಣುವುದಿಲ್ಲ, ಕಾಣುವುದು ಅಂಕಿ. ಮೊದಲ ಭಾಗದಲ್ಲಿ ಆ 10 ಜನರನ್ನು ಕಂಡವರಿಗೆ ಮಾತ್ರ ಎರಡನೆಯದರ ಅಂಕಿಗಳು ಮನುಷ್ಯರಾಗಿ ಕಾಣುತ್ತವೆ, ಆದ್ದರಿಂದ ಕ್ರಮ ತಪ್ಪಿಸಬೇಡಿ. ಮೊದಲ ಭಾಗವನ್ನು ಹೊಸ ಎಂಜಿನ್ನಿನಲ್ಲಿ ಮರುನಿರ್ಮಿಸಿ ‘ಫ್ರಾಸ್ಟ್‌ಪಂಕ್ 1886’ ಎಂದು 2027ರಲ್ಲಿ ತರುವ ಯೋಜನೆಯನ್ನು ಸ್ಟುಡಿಯೋ ಪ್ರಕಟಿಸಿದೆ. ಅದಕ್ಕಾಗಿ ಕಾಯಬೇಕಿಲ್ಲ, ನಿಮ್ಮ ಹತ್ತಿರ ಇರುವುದೇ ಸಾಕು.

ಐದನೇ ಸಲ ಶುರುಮಾಡುವಾಗ ಕಷ್ಟದ ಮಟ್ಟವನ್ನು ಮೀಡಿಯಂನಲ್ಲಿ ಇಡಿ. ಈಸಿಯಲ್ಲಿ ಚಳಿಯ ಭಯವೇ ಹೋಗಿ ಕಾನೂನುಗಳು ಅರ್ಥ ಕಳೆದುಕೊಳ್ಳುತ್ತವೆ. ಆಟವನ್ನು ನಡುವೆ ನಿಲ್ಲಿಸಲು ಬಿಡದ ಸರ್ವೈವರ್ ಮೋಡ್ ಈಗ ಬೇಡ. ಬೆಳಿಗ್ಗೆ 8ಕ್ಕೆ ಒಮ್ಮೆ, ಸಂಜೆ 6ಕ್ಕೆ ಒಮ್ಮೆ ಆಟ ನಿಲ್ಲಿಸಿ ಮೂರು ವಿಷಯ ನೋಡಿ: ಇಂದು ರಾತ್ರಿಗೆ ಕಲ್ಲಿದ್ದಲು ಸಾಕೇ, ನಾಳೆಗೆ ಊಟ ಇದೆಯೇ, ಕೆಲಸವಿಲ್ಲದೆ ಕೂತ ಎಂಜಿನಿಯರ್ ಯಾರಾದರೂ ಇದ್ದಾರೆಯೇ. ರಾತ್ರಿಯ ಕಲ್ಲಿದ್ದಲು ಸಾಲದೆಂದು ಕಂಡರೆ ಹೊರಬಳೆಯ ಸ್ಟೀಮ್ ಹಬ್‌ಗಳನ್ನು ಮೊದಲು ನಂದಿಸಿ, ಜನರೇಟರ್ ಅನ್ನು ಕಡೆಗೆ.